ಹೊಂಡಕ್ಕೆ ಮೀನು ಬಿಟ್ಟ ವರ್ಷ

ಕಳೆದ ವಾರ ಟೂಟಿಂಗಿನ ನಮ್ಮ ಫ್ಲ್ಯಾಟಿನ ಅಡುಗೆಮನೆ ಸಿಂಕು ಕಟ್ಟಿಕೊಂಡಿತು. ಮೂವರು ಬ್ರಹ್ಮಚಾರಿಗಳು ತಿಂಗಳುಗಟ್ಟಲೆ ಅದರೊಳಗೆ ಸುರಿದ ಸಾರಿನ ಗಸಿ, ಅನ್ನದ ಅಗುಳು, ಎಣ್ಣೆ ಎಲ್ಲ ಸೇರಿ ಕೊಳವೆಯೊಳಗೆ ಸಂಸಾರ ಹೂಡಿದ್ದವು. ಕೊಳಕು ಕೆಲಸಕ್ಕೆ ಯಾರು ಎಂಬ ಪ್ರಶ್ನೆ ನಮ್ಮ ಮನೆಯಲ್ಲಿ ಏಳುವುದೇ ಇಲ್ಲ, ಎಲ್ಲರೂ ನನ್ನ ಮುಖ ನೋಡುತ್ತಾರೆ. ಕೆಳಗೆ ತೂರಿ ಪೈಪು ಬಿಚ್ಚಿದೆ. ಕರ್ರಗಿನ ಲೊಳೆಯೊಂದು ಧೊಪ್ಪನೆ ಬಕೆಟ್ಟಿಗೆ ಬಿತ್ತು. ಗೆಳೆಯರಿಬ್ಬರೂ ವಾಕರಿಸುತ್ತಾ ಬಾಲ್ಕನಿಗೆ ಓಡಿದರು. ನಾನು ಅಲ್ಲೇ ಕೂತು ಇನ್ನೊಮ್ಮೆ ಮೂಸಿದೆ. ಅನುಮಾನವೇ ಇಲ್ಲ. ಗ್ರೀನ್‌ಫರ್ಡಿನ ಹೊಂಡ!

ಆ ನಾತವನ್ನು ನಾನು ಒಂದಿಡೀ ವಸಂತ, ಒಂದು ಬೇಸಿಗೆ ಮತ್ತು ಎಲೆ ಉದುರುವ ಕಾಲದ ಅರ್ಧದವರೆಗೆ ಉಸಿರಾಡಿದ್ದೇನೆ. ಪ್ರಾಣಿಶಾಸ್ತ್ರದ ಡಿಗ್ರಿ ಹಿಡಿದು ಆಗಷ್ಟೇ ಯೂನಿವರ್ಸಿಟಿಯಿಂದ ಹೊರಬಿದ್ದಿದ್ದೆ. ಅಪ್ಪ ಅಷ್ಟು ವರ್ಷ ಕಂಪ್ಯೂಟರಿನ ಮುಂದೆ ಬೆನ್ನು ಬಗ್ಗಿಸಿ ನನ್ನನ್ನು ಓದಿಸಿದ್ದು ನಾನು ಗಮ್‌ಬೂಟು ಹಾಕಿಕೊಂಡು ಕೊಳಚೆಗೆ ಇಳಿಯಲಿ ಎಂದಲ್ಲ. ಆದರೆ ನನಗೆ ಎರಡೇ ವಿದ್ಯೆ ಬರುತ್ತಿದ್ದವು: ಪ್ರಾಣಿಗಳ ಹೆಸರು ಹೇಳುವುದು, ಮನುಷ್ಯರ ದನಿಯನ್ನು ಅವರಂತೆಯೇ ತೆಗೆಯುವುದು. ಎರಡನೆಯದಕ್ಕೆ ಸಂಬಳ ಕೊಡುವವರು ಸಿಗಲಿಲ್ಲ. ಹಾಗಾಗಿ ಫಿಯೋನಾ ಎಂಬ ಪರಿಸರ ಸರ್ವೆಯವಳ ಕೈಕೆಳಗೆ ಆ ಋತುವಿಗೆ ಸಹಾಯಕನಾಗಿ ಸೇರಿಕೊಂಡೆ.

ಗ್ರೀನ್‌ಫರ್ಡಿನಲ್ಲಿ, ಕಾಲುವೆಗೂ ಮನೆಗಳ ಸಾಲಿಗೂ ನಡುವೆ, ತಗಡಿನ ಡಬ್ಬಿ ಮಾಡುತ್ತಿದ್ದ ಹಳೆಯ ಫ್ಯಾಕ್ಟರಿಯೊಂದು ಮುಚ್ಚಿ ಬಿದ್ದಿತ್ತು. ಬೆಂಕಿ ಬಿದ್ದರೆ ಇರಲಿ ಎಂದು ಯಾವ ಕಾಲಕ್ಕೋ ಅದರ ಹಿಂದೆ ತೋಡಿದ್ದ ನೀರಿನ ತೊಟ್ಟಿ, ಕೇಳುವವರಿಲ್ಲದೆ ಹೊಂಡವಾಗಿತ್ತು. ಒಂದು ಕಟ್ಟಡ ಕಂಪನಿ ಆ ಜಾಗ ಕೊಂಡು ಫ್ಲ್ಯಾಟುಗಳ ನಕ್ಷೆ ಹಾಕಿತ್ತು. ಅಡ್ಡ ಬಂದದ್ದು ಒಂದು ಗೇಣೂ ಇಲ್ಲದ ಪ್ರಾಣಿ: ಜುಟ್ಟಿನ ನ್ಯೂಟ್.

ನ್ಯೂಟ್ ಎಂದರೆ ಏನಪ್ಪಾ ಎಂದು ಆ ವರ್ಷ ಕನ್ನಡದವರೆಲ್ಲ ಕೇಳುವವರೇ. ನಮ್ಮ ಕಡೆ ಆ ಪ್ರಾಣಿಯೇ ಇಲ್ಲ, ಹಾಗಾಗಿ ಹೆಸರೂ ಇಲ್ಲ. ಅದರ ನೆಂಟರು ಬೇಕಾದರೆ ಹಿಮಾಲಯದ ಕಡೆಗೆ ಹೋಗಬೇಕು. ಕಪ್ಪೆಯ ದಾಯಾದಿ, ಹಲ್ಲಿಯ ವೇಷ. ಕಪ್ಪು ಮೈ, ಮೈತುಂಬ ಗುಳ್ಳೆ, ಹೊಟ್ಟೆ ಮಾತ್ರ ಕೇಸರಿ. ವಸಂತದಲ್ಲಿ ಗಂಡಿಗೆ ಬೆನ್ನುದ್ದಕ್ಕೂ ಹರಿದ ಲೇಸಿನಂಥ ಜುಟ್ಟು ಬೆಳೆಯುತ್ತದೆ. ಪ್ರೇಮ ಮುಗಿದ ಮೇಲೆ ಉದುರುತ್ತದೆ. ಪ್ರಪಂಚದ ಲೆಕ್ಕದಲ್ಲಿ ಇದು ಇಂದೋ ನಾಳೆಯೋ ಅಳಿಯುವ ಜೀವವೇನಲ್ಲ, ಆದರೆ ಇಳಿಮುಖದಲ್ಲಿದೆ. ಇಲ್ಲಿನ ಇಂಗ್ಲಿಷರು ತಲೆಮಾರುಗಳಿಂದ ಹೊಂಡ ಮುಚ್ಚುತ್ತಾ ಬಂದು, ಈಗ ಉಳಿದವನ್ನು ಕಾಪಾಡಲು ಕಾನೂನು ಮಾಡಿದ್ದಾರೆ. ಲೈಸೆನ್ಸ್ ಇಲ್ಲದೆ ಅದನ್ನು ಹಿಡಿಯುವಂತಿಲ್ಲ, ಅದು ಇರುವ ಹೊಂಡ ಮುಚ್ಚುವಂತಿಲ್ಲ. ಕಡಲಾಚೆ ಯೂರೋಪಿನಲ್ಲಂತೂ ಅದರ ಸೋದರಸಂಬಂಧಿ ಸಾಲಮ್ಯಾಂಡರುಗಳ ಚರ್ಮವನ್ನೇ ತಿನ್ನುವ ಬೂಷ್ಟೊಂದು ಹಬ್ಬಿ, ಕೆಲವು ಕಾಡುಗಳಲ್ಲಿ ಅವು ಹೇಳಹೆಸರಿಲ್ಲದಂತೆ ಹೋಗಿವೆ. ಆ ಬೂಷ್ಟು ಇಲ್ಲಿಗೆ ಬರಬಾರದೆಂದು ಫಿಯೋನಾ ಒಂದು ಹೊಂಡದಿಂದ ಇನ್ನೊಂದಕ್ಕೆ ಹೋಗುವಾಗ ಬೂಟು, ಬಲೆ, ಬಕೆಟ್ಟು ಎಲ್ಲವನ್ನೂ ಔಷಧಿ ನೀರಿನಲ್ಲಿ ತೊಳೆಸುತ್ತಿದ್ದಳು.

ಅಲ್ಲಿ ತೊಳೆದು ಮನೆಗೆ ಬಂದರೆ ಬಾಗಿಲಲ್ಲಿ ಅಮ್ಮ. “ಏಯ್, ಅಲ್ಲೇ ನಿಂತ್ಕೊ! ಹಲ್ಲಿ ಮುಟ್ಟಿದ ಕೈಲಿ ಬಾಗ್ಲು ಮುಟ್ಬೇಡ. ಹಿಂದ್ಗಡೆಯಿಂದ ಬಾ, ನೇರ ಬಚ್ಚಲಿಗೆ ನಡಿ.”

“ಅಮ್ಮ, ಅದು ಹಲ್ಲಿ ಅಲ್ಲ.”

“ನಾಲ್ಕು ಕಾಲು, ಒಂದು ಬಾಲ, ನೋಡಿದ್ರೆ ಮೈ ಜುಮ್ ಅನ್ನತ್ತೆ. ಇನ್ನೇನು, ನವಿಲಾ?”

ಮಡಿಯ ವಿಷಯದಲ್ಲಿ ಫಿಯೋನಾಗೂ ಅಮ್ಮನಿಗೂ ಎಳ್ಳಷ್ಟೂ ವ್ಯತ್ಯಾಸವಿರಲಿಲ್ಲ. ನಾನು ಇಬ್ಬರ ನಡುವೆ ದಿನಕ್ಕೆರಡು ಬಾರಿ ತೊಳೆಸಿಕೊಂಡು ಪಾತ್ರೆಯಂತೆ ಹೊಳೆಯುತ್ತಿದ್ದೆ. ಅಮ್ಮನ ದನಿಯನ್ನು ನಾನು ನಿದ್ದೆಯಲ್ಲೂ ತೆಗೆಯಬಲ್ಲೆ. ಫಿಯೋನಾಳದ್ದು ಮಾತ್ರ ಕೈಗೆ ಹತ್ತಲಿಲ್ಲ, ಅವಳು ಮಾತಾಡಿದರಲ್ಲವೇ.

ಸಂಜೆ ಹೊತ್ತು ಕತ್ತರಿಸಿದ ಪ್ಲಾಸ್ಟಿಕ್ ಬಾಟಲಿಗಳನ್ನು ಹೊಂಡದ ಅಂಚಿನಲ್ಲಿ ಕೋಲಿಗೆ ಸಿಕ್ಕಿಸಿ ಬರುವುದು, ಬೆಳಿಗ್ಗೆ ಹೋಗಿ ಯಾರು ಸಿಕ್ಕಿಬಿದ್ದಿದ್ದಾರೆ ನೋಡುವುದು, ಇದು ಕೆಲಸ. ಮಾರ್ಚಿನ ನೀರಿಗೆ ಕೈ ಹಾಕಿದರೆ ಬೆರಳು ನನ್ನವೋ ಬೇರೆಯವರವೋ ತಿಳಿಯುತ್ತಿರಲಿಲ್ಲ. ಕೆಸರಿಗೆ ಕಾಲಿಟ್ಟಾಗಲೆಲ್ಲ ಬುಳಕ್ ಎಂದು ಗುಳ್ಳೆಯೊಡೆದು, ಹಳಸಿದ ಮೊಟ್ಟೆಯ ಗಬ್ಬು. ತಳದಲ್ಲಿ ಶಾಪಿಂಗ್ ಟ್ರಾಲಿ, ಮಗುವಿನ ಡೈಪರು, ಯಾರದೋ ಹಲ್ಲಿನ ಸೆಟ್ಟು. ಅಂಥ ನರಕದಿಂದ ಒಂದು ಬೆಳಿಗ್ಗೆ ಫಿಯೋನಾ ಒಂದು ನೀರುಹುಲ್ಲಿನ ಎಸಳು ಎತ್ತಿ ತೋರಿಸಿದಳು. ಎಲೆಯಡಿಕೆ ಮಡಿಸಿದ ಹಾಗೆ ಅದರ ತುದಿ ಮಡಚಿಕೊಂಡಿತ್ತು. ಬಿಡಿಸಿದರೆ ಒಳಗೆ ಒಂದೇ ಒಂದು ಬಿಳಿ ಮೊಟ್ಟೆ. ಹೆಣ್ಣು ನ್ಯೂಟು ಒಂದೊಂದು ಮೊಟ್ಟೆಯನ್ನೂ ಹಿಂಗಾಲಿನಿಂದ ಹೀಗೆ ಪ್ರತ್ಯೇಕವಾಗಿ ಮಡಿಸಿಡುತ್ತದಂತೆ. ಅಷ್ಟು ಮಾಡಿದರೂ ಹುಟ್ಟಿನ ದೋಷದಿಂದ ಅರ್ಧ ಮೊಟ್ಟೆಗಳು ಒಡೆಯುವುದೇ ಇಲ್ಲ.

“ಇದೆ,” ಎಂದಳು ಫಿಯೋನಾ. ಅವಳ ಮಟ್ಟಿಗೆ ಅದು ಭಾಷಣ.

ಹೊಂಡಕ್ಕೆ ಹಿತ್ತಲು ತಾಗಿಸಿಕೊಂಡಿದ್ದ ಮನೆ ಪಾಟೀಲ ಡಾಕ್ಟರರದು. ಧಾರವಾಡದವರು, ಅಪ್ಪನಿಗೆ ಹಳೆಯ ಪರಿಚಯ, ಆಸ್ಪತ್ರೆಯ ಕೆಲಸದಿಂದ ನಿವೃತ್ತರಾದ ಮೇಲೆ ಜಗತ್ತಿನ ಕಾಯಿಲೆಗೆಲ್ಲ ಮದ್ದು ಹೇಳುತ್ತಿದ್ದರು. ಆ ಬೀದಿಯ ನಿವಾಸಿಗಳ ಸಂಘಕ್ಕೆ ಜ್ಯಾನೆಟ್ ಎಂಬಾಕೆ ಅಧ್ಯಕ್ಷೆ, ಇವರು ಉಪಾಧ್ಯಕ್ಷರು. ಇಬ್ಬರಿಗೂ ಫ್ಲ್ಯಾಟು ಬೇಡ. ಪಾರ್ಕಿಂಗಿಗೆ ತೊಂದರೆ, ಎಂಥೆಂಥವರೋ ಬರುತ್ತಾರೆ, ಮನೆಯ ಬೆಲೆ ಇಳಿಯುತ್ತದೆ ಎಂದೆಲ್ಲ ಬಾಯಿಬಿಟ್ಟು ಹೇಳಿದರೆ ಚೆನ್ನಾಗಿರುವುದಿಲ್ಲವಲ್ಲ, ಹಾಗಾಗಿ ಎಲ್ಲರೂ ರಾತ್ರೋರಾತ್ರಿ ನ್ಯೂಟ್ ಭಕ್ತರಾದರು. ಹಸಿರು ಟೀಶರ್ಟು ಹೊಲಿಸಿದರು. ಅದರ ಮೇಲಿದ್ದದ್ದು ನ್ಯೂಟೋ ಮೊಸಳೆಯೋ ಬಿಡಿಸಿದವರಿಗೇ ಗೊತ್ತು. ಡಾಕ್ಟರು ಸಭೆಗಳಲ್ಲಿ ಎದೆಯ ಮೇಲೆ ಕೈಯಿಟ್ಟು “ದಿಸ್ ಈಸ್ ಅವರ್ ಹೆರಿಟೇಜ್” ಅನ್ನುವರು. ಅದೇ ಹೆರಿಟೇಜನ್ನು ಒಮ್ಮೆ ಫಿಯೋನಾ ಗಾಜಿನ ಪೆಟ್ಟಿಗೆಯಲ್ಲಿಟ್ಟು ಕೊಟ್ಟು, ನಾನು ಅವರ ಬೇಲಿಯ ಬಳಿ ತೋರಿಸಿದರೆ, “ಥೂ ಥೂ, ದೂರ ಹಿಡೀಲೇ ಅದನ್ನ!” ಎಂದು ಟೊಮ್ಯಾಟೊ ಗಿಡಗಳ ಮೇಲೆ ಹಿಮ್ಮುಖವಾಗಿ ಬಿದ್ದರು. ಆ ಬೀಳುವಿಕೆಯನ್ನು ನಾನು ಮನೆಯಲ್ಲಿ ಅಭಿನಯಿಸಿ ತೋರಿಸಿದಾಗ ಅಪ್ಪ ಆ ವರ್ಷ ಮೊದಲ ಬಾರಿ ನನ್ನ ಕೆಲಸವನ್ನು ಮೆಚ್ಚಿಕೊಂಡರು.

ಆ ಮನೆಯಲ್ಲಿ ನನಗೆ ಇಷ್ಟವಾದವರು ಒಬ್ಬರೇ, ಡಾಕ್ಟರರ ತಾಯಿ ಅವ್ವ. ಎಂಬತ್ತು ದಾಟಿದ್ದರು, ಇಂಗ್ಲಿಷ್ ಒಂದಕ್ಷರ ಬಾರದು. ಬೆಳಿಗ್ಗೆ ಹಿತ್ತಲ ಬಾಗಿಲಲ್ಲಿ ಕುರ್ಚಿ ಹಾಕಿಕೊಂಡು, ಫ್ಯಾಕ್ಟರಿಯ ಮೇಲಿಂದ ಏರುವ ಬಡಕಲು ಬಿಸಿಲಿಗೆ ಕೈಮುಗಿದು, ಮೊಣಕಾಲು ಕಾಸಿಕೊಳ್ಳುತ್ತಿದ್ದರು. ನಾನು ಬಾಟಲಿ ಎತ್ತಲು ಹೋದರೆ ಬೇಲಿಯ ಸಂದಿಯಿಂದ ಕೂಗುವರು: “ಲೇ ನಕಲಿ, ಬಾ ಇಲ್ಲೆ. ನಿನ್ನೆ ನನ್ನ ದನಿ ತಗದು ನನ್ನ ಸೊಸೀನ ಅಂಜಿಸಿದಿಯಂತಲ್ಲ? ನನ್ನ ಮುಂದ ತಗೀ, ನೋಡೂಣು.”

ತೆಗೆದೆ. ಕೇಳಿ, ಹೊಟ್ಟೆ ಹಿಡಿದುಕೊಂಡು ನಕ್ಕರು. “ನಾ ಹಿಂಗ ಕಿರಚ್ತೀನೇನು? ಪಾಪ ನನ್ನ ಸೊಸಿ!”

ಅವರಿಗೆ ಪಾರ್ಕಿಂಗೂ ಬೇಡ, ಬೆಲೆಯೂ ಬೇಡ. ಆರು ಅಂತಸ್ತಿನ ಗೋಡೆ ಎದ್ದರೆ ಬಿಸಿಲು ಹೋಗುತ್ತದೆ ಎಂಬುದೊಂದೇ ಚಿಂತೆ. “ಇದ ಏನೋ ತಮ್ಮಾ, ನನ್ನ ಬಿಸಲು ಉಳಸೂ ಹಲ್ಲಿ?” ಎಂದು ಪೆಟ್ಟಿಗೆಯೊಳಗೆ ಇಣುಕಿ, ಕೂಡಲೇ ಸೆರಗು ಬಾಯಿಗಿಟ್ಟುಕೊಂಡು, “ಶೀ! ಬಿಡು ನೀರಿಗೆ” ಅನ್ನುವರು. ಹೇಸಿಗೆಯನ್ನು ಮುಚ್ಚಿಡುವ ಅಭ್ಯಾಸ ಅವರಿಗಿರಲಿಲ್ಲ.

ಜೂನಿನಲ್ಲಿ ನಮ್ಮ ವರದಿ ಹೋಯಿತು. ನ್ಯೂಟುಗಳಿವೆ, ಮರಿ ಮಾಡುತ್ತಿವೆ. ಕಂಪನಿ ಗೊಣಗಿಕೊಂಡು ನಕ್ಷೆ ಬದಲಿಸಿತು. ಹೊಂಡ ಮತ್ತು ಅದರ ಸುತ್ತಲಿನ ಪೊದೆ ಹಾಗೆಯೇ ಉಳಿಯುವುದು, ಡಾಕ್ಟರರ ಮನೆಯ ಹಿಂದೆ ಬರಬೇಕಿದ್ದ ಕಟ್ಟಡ ರದ್ದು. ಉಳಿದ ಕಟ್ಟಡಗಳನ್ನೂ ತಡೆಯಬೇಕೆಂದು ಸಂಘ ಹಟ ಹಿಡಿಯಿತು. ಅವ್ವನಿಗೆ ಮಾತ್ರ ತಮ್ಮ ಬಿಸಿಲು ಸಿಕ್ಕಿತ್ತು, ಅಲ್ಲಿಗೆ ಮುಗಿಯಿತು.

ಜುಲೈನಲ್ಲಿ ಮರಿಗಳು ಹೇಗಿವೆ ನೋಡೋಣ ಎಂದು ಬಲೆ ಹಿಡಿದು ಹೋದೆವು. ನ್ಯೂಟಿನ ಮರಿ ನೀರಿನ ನಡುಮಟ್ಟದಲ್ಲಿ ಬಯಲಿಗೇ ತೇಲಿಕೊಂಡಿರುವ ಪೆದ್ದು ಜೀವ, ಬಲೆ ಹಾಕಿದರೆ ಸಿಗಲೇಬೇಕು. ಒಂದೂ ಇಲ್ಲ. ಮತ್ತೆ ಹಾಕಿದೆವು, ಇನ್ನೊಂದು ಬದಿಗೆ ಹೋಗಿ ಹಾಕಿದೆವು. ಕೊನೆಗೆ ಬಲೆಯಲ್ಲಿ ಪಟಪಟ ಒದ್ದಾಡಿದ್ದು ಅಂಗೈಯಗಲದ ಒಂದು ಚಿನ್ನದ ಬಣ್ಣದ ಮೀನು. ಹೊಟ್ಟೆ ಡಬ್ಬಿಯಂತೆ ಉಬ್ಬಿತ್ತು. ಅದರೊಳಗೆ ಏನಿದೆಯೆಂದು ಇಬ್ಬರಿಗೂ ಗೊತ್ತಿತ್ತು.

ಅಂದೇ ಬೇಲಿಯ ಸಂದಿಯಿಂದ ಕರೆ ಬಂತು. ಚಹಾ, ಚೂಡಾ. ಅವ್ವ ಕುರ್ಚಿಯ ಮೇಲೆ ರಾಣಿಯಂತೆ ಕೂತಿದ್ದರು. “ನನ್ನ ಮೀನ ಕಂಡ್ವೇನೋ? ಛಲೋ ದಪ್ಪ ಆಗ್ಯಾವಲ್ಲ?”

ನನ್ನ ಕೈಯಲ್ಲಿದ್ದ ಚೂಡಾ ಹಾಗೆಯೇ ನಿಂತಿತು.

“ಹರಕಿ ಹೊತ್ತಿದ್ದೆ. ಗ್ವಾಡಿ ಏಳಲಿಲ್ಲ ಅಂದ್ರ ಹೊಂಡಕ್ಕ ಮೀನ ಬಿಡ್ತೀನಿ ಅಂತ. ನಮ್ಮೂರ ಗುಡಿ ಹೊಂಡದಾಗ ಹಂಗ ಬಿಡೂದು. ದಿನಾ ಚುರಮುರಿ ಹಾಕ್ತೀನಿ. ಮೀನ ಇಲ್ಲದ ಹೊಂಡ ಏನ ಹೊಂಡ? ಆ ಹಲ್ಲಿಗೂ ಜೋಡಿ ಆತು.”

ಮನೆಯ ಗಾಜಿನ ತೊಟ್ಟಿಗೆಂದು ಅಂಗಡಿಯಿಂದ ಮೀನು ತಂದುಕೊಟ್ಟವರು ಡಾಕ್ಟರೇ. ತೊಟ್ಟಿ ಖಾಲಿಯಾದದ್ದು ನೋಡಿ ಅವರಿಗೂ ತಿಳಿದಿತ್ತು. ಮರಿಗಳು ಹೋದ ವಿಷಯ ನಾನು ಹೇಳಿದಾಗ ಅವ್ವನ ಮುಖ ಇಳಿದುಹೋಯಿತು. ಗುಡಿ ಹೊಂಡದ ಮೀನು ಚುರುಮುರಿ ತಿಂದು ಸುಮ್ಮನಿರುತ್ತದೆ, ಇದು ಮಕ್ಕಳನ್ನು ತಿನ್ನುತ್ತದೆಂದು ಅವರು ಎಣಿಸಿಯೇ ಇರಲಿಲ್ಲ. ಡಾಕ್ಟರು ನನ್ನನ್ನು ಗೇಟಿನವರೆಗೆ ಬಿಡಲು ಬಂದು, ಹೆಗಲ ಮೇಲೆ ಕೈಯಿಟ್ಟು, ರೋಗಿಯ ಕಡೆಯವರಿಗೆ ಹೇಳುವ ದನಿಯಲ್ಲಿ ಹೇಳಿದರು: “ಹರ್ಷ, ಅವ್ವಗ ಈಗ ಮರವು ಶುರು ಆಗೇತಿ. ಏನೇನರೆ ಹೇಳ್ತಾಳ. ಮನಸಿಗೆ ಹಚ್ಕೋಬ್ಯಾಡ.”

ನನ್ನ ಅಮ್ಮನ ಅಡಿಗೆಯಲ್ಲಿ ಉಪ್ಪು ಎಷ್ಟಿತ್ತೆಂದು ಹಿಂದಿನ ಸಂಕ್ರಾಂತಿಗೆ ನಮ್ಮ ಮನೆಯಲ್ಲಿ ಉಂಡಾಗಿನಿಂದ ನೆನಪಿಟ್ಟುಕೊಂಡಿದ್ದ ಹೆಂಗಸಿಗೆ ಮರೆವಂತೆ! ಆ ಕೈಯನ್ನು ಹೆಗಲಿಂದ ಕೊಡವಿಕೊಂಡೆ. ಹೊಂಡದ ಲೊಳೆ ಅದಕ್ಕಿಂತ ಹಿತವಾಗಿತ್ತು.

ಫಿಯೋನಾಗೆ ಎಲ್ಲ ಹೇಳಿದೆ. “ಮಗ ಡಾಕ್ಟರು. ತಾಯಿಗೆ ಮರೆವೆನ್ನುತ್ತಾನೆ. ನೀನು ನನ್ನ ಸಹಾಯಕ. ಯಾರ ಮಾತು ನಿಲ್ಲುತ್ತದೆ?” ಎಂದಳು. ಅಷ್ಟು ಹೊತ್ತಿಗೆ ಸಂಘದವರಿಗೂ ಮೀನಿನ ಸುದ್ದಿ ಮುಟ್ಟಿತ್ತು, ಮತ್ತು ಅವರ ಪಾಲಿಗೆ ಅದು ಹಬ್ಬ. ನ್ಯೂಟುಗಳನ್ನು ಮುಗಿಸಲು ಕಂಪನಿಯೇ ಕದ್ದು ಮೀನು ಬಿಟ್ಟಿದೆ ಎಂದು ವಾಟ್ಸಾಪಿನಲ್ಲಿ ಕೂಗಾಡಿ, ಕೇಸು ಹಾಕುವುದೆಂದು ತೀರ್ಮಾನಿಸಿದರು. ಮೀನು ತೆಗೆಯಲು ಒಂದೇ ದಾರಿ: ಚಳಿಗಾಲಕ್ಕೆ ಮುಂಚೆ ಹೊಂಡದ ನೀರನ್ನು ಪೂರ್ತಿ ಬತ್ತಿಸುವುದು. ಜಾಗ ಕಂಪನಿಯದು, ಅನುಮತಿ ಅವರೇ ಕೊಡಬೇಕು. ಆರೋಪ ತಲೆಯ ಮೇಲಿರುವಾಗ ಹೊಂಡ ಮುಟ್ಟಿದರೆ ತಪ್ಪು ಒಪ್ಪಿಕೊಂಡ ಹಾಗಾಗುತ್ತದೆಂದು ಅವರ ವಕೀಲರು ಕಡ್ಡಿ ಮುರಿದಂತೆ ಹೇಳಿಬಿಟ್ಟರು.

ಆಗಸ್ಟಿನ ಕೊನೆಗೆ ಚರ್ಚಿನ ಹಾಲಿನಲ್ಲಿ ಸಭೆ. ಒದ್ದೆ ಕೋಟು, ಬಿಸ್ಕತ್ತು, ಹಳೇ ಕಾರ್ಪೆಟ್ಟಿನ ವಾಸನೆ. ಹಸಿರು ಟೀಶರ್ಟುಗಳು ಸಾಲಾಗಿ ಕೂತಿದ್ದವು. ಸ್ಥಳೀಯ ಪೇಪರಿನವನೊಬ್ಬ ಕ್ಯಾಮೆರಾ ಹಿಡಿದು ಬಂದಿದ್ದ. ಅವನಿಗೆ ಫೋಟೋ ಬೇಕಲ್ಲ, ಹಾಗಾಗಿ ಡಾಕ್ಟರು ಅವ್ವನಿಗೆ ಇಳಕಲ್ ಸೀರೆ ಉಡಿಸಿ, ಶಾಲು ಹೊದಿಸಿ, ದಿನಾ ಮುಂಜಾನೆ ನ್ಯೂಟುಗಳನ್ನು ನೋಡಿಯೇ ಬದುಕಿರುವ ಅಜ್ಜಿ ಎಂದು ಮುಂದಿನ ಸಾಲಿನಲ್ಲಿ ಕೂರಿಸಿದ್ದರು. ಕಂಪನಿಯ ಆಸಾಮಿ ಮೂಲೆಯಲ್ಲಿದ್ದ. ಅವನೂ ಬರುವಾಗ ನನ್ನ ಕೈಕುಲುಕಿ “ನಮಗೂ ನ್ಯೂಟ್ ಎಂದರೆ ಪ್ರಾಣ” ಎಂದಿದ್ದ. ಅವ್ವನಿಗೆ ಭಾಷೆಗೆ ಜೊತೆಯಿರಲೆಂದು ಪಕ್ಕದ ಕುರ್ಚಿ ನನಗೆ.

ಫಿಯೋನಾ ಎದ್ದಳು. “ಕೇಸು ಮುಗಿಯಲು ವರ್ಷಗಳು ಬೇಕು. ಅಲ್ಲಿಯವರೆಗೆ ಪ್ರತಿ ವಸಂತವೂ ನ್ಯೂಟುಗಳು ಬರುತ್ತವೆ, ಮೊಟ್ಟೆಯಿಡುತ್ತವೆ, ಮರಿಗಳನ್ನು ಮೀನು ತಿನ್ನುತ್ತದೆ. ಈಗಿರುವ ದೊಡ್ಡ ನ್ಯೂಟುಗಳು ಸಾಯುವವರೆಗೆ ಹೀಗೇ. ಆಮೇಲೆ ಯಾವುದೂ ಇರುವುದಿಲ್ಲ.” ನಾನು ಕೇಳಿದ್ದರಲ್ಲಿ ಅವಳ ಅತಿ ಉದ್ದದ ಮಾತು.

“ಆದರೆ ಸಾಕ್ಷಿ ಬೇಕಲ್ಲ,” ಎಂದಳು ಜ್ಯಾನೆಟ್, ಮಗುವಿಗೆ ತಿಳಿಹೇಳುವಂತೆ. “ಮೀನು ಅಲ್ಲೇ ಇರುವುದು ನಮ್ಮ ಕೇಸಿಗೆ ಒಳ್ಳೆಯದು.”

ಡಾಕ್ಟರು ಎದೆಯ ಮೇಲೆ ಕೈಯಿಟ್ಟು ಎದ್ದುನಿಂತು ಕಂಪನಿಯ ಆಸಾಮಿಯತ್ತ ಬೆರಳು ಚಾಚಿದರು. ಈ ಮೀನುಗಳು ಕಾಲುವೆ ದಾಟಿ ನಡೆದು ಬರಲಿಲ್ಲ, ಯಾರಿಗೆ ಲಾಭವೋ ಅವರೇ ತಂದು ಸುರಿದಿದ್ದಾರೆ ಎಂದರು. ಚಪ್ಪಾಳೆ. ಅವ್ವ ನನ್ನ ತೋಳು ಜಗ್ಗಿದರು. “ಏನಂತಾನೋ?”

“ಮೀನ ಕಂಪನಿಯವ್ರು ಬಿಟ್ರಂತ, ಅವ್ವಾ.”

ಅವ್ವ ಕೋಲೂರಿ ಎದ್ದೇಬಿಟ್ಟರು. “ಯಾಂವ ಹೇಳಿದಾಂವ? ಮೀನ ನಾ ಬಿಟ್ಟೀನಿ! ಹರಕಿ ಮೀನ ಅವು!”

ಸಭೆಯೆಲ್ಲ ಮೃದುವಾಗಿ ಇತ್ತ ತಿರುಗಿತು. ಕ್ಯಾಮೆರಾ ಕ್ಲಿಕ್ಕೆಂದಿತು. ಏನು ಹೇಳುತ್ತಿದ್ದಾರೆ ಎಂದು ಜ್ಯಾನೆಟ್ ಕಣ್ಣರಳಿಸಿ ಕೇಳಿದಳು. ಡಾಕ್ಟರು ಕಣ್ಣು ಮಿಟುಕಿಸದೆ ಇಂಗ್ಲಿಷಿನಲ್ಲಿ ಹೇಳಿದರು: “ತುಂಬ ದುಃಖವಾಗಿದೆ ಅನ್ನುತ್ತಿದ್ದಾಳೆ.” ಹಿಂದಿನ ಸಾಲಿನಲ್ಲಿ ಯಾರೋ “ಓ...” ಎಂದು ಕರಗಿದರು.

“ಅವ ಏನ ಹೇಳಿದ?” ಅವ್ವ ನನ್ನನ್ನೇ ದಿಟ್ಟಿಸಿದರು.

ಹೇಳಿದೆ. ಆ ಕಣ್ಣುಗಳಲ್ಲಿ ಬಂದದ್ದು ಸಿಟ್ಟಲ್ಲ. ಮಗನ ಬಾಯಿಯಿಂದ ಏನೋ ಕೊಳೆತದ್ದು ಬಿದ್ದದ್ದನ್ನು ಕಂಡವರ ಮುಖ. “ಲೇ ನಕಲಿ, ನನ್ನ ದನಿ ಬರತೈತಲ್ಲ ನಿನಗ. ಏಳು. ನಾ ಹೇಳಿದ್ದನ್ನ, ಹೇಳಿದಂಗ ಹೇಳು.”

“ಹರ್ಷ, ಸುಮ್ನ ಕೂಡು,” ಎಂದರು ಡಾಕ್ಟರು, ನಗುಮುಖ ಹಾಗೆಯೇ ಇಟ್ಟುಕೊಂಡು. “ನಿಮ್ಮಪ್ಪಗ ಫೋನ್ ಮಾಡ್ತೀನಿ.”

ಎದ್ದೆ. ಯಾರ ದನಿಯೂ ಬರಲಿಲ್ಲ. ಅವ್ವನದೂ ಇಲ್ಲ, ಡಾಕ್ಟರರದೂ ಇಲ್ಲ. ತೀರಾ ಸಪ್ಪೆಯಾದ, ತೊದಲುವ ಒಂದು ದನಿ ಹೊರಬಂತು, ಬಹುಶಃ ನನ್ನದೇ ಇರಬೇಕು. ಮೀನು ಬಿಟ್ಟವರು ಇವರು, ಹರಕೆಗಾಗಿ. ನ್ಯೂಟಿನ ಮರಿ ತಿನ್ನುತ್ತವೆಂದು ಇವರಿಗೆ ಗೊತ್ತಿರಲಿಲ್ಲ. ಇವರೇ ಬಿಟ್ಟದ್ದೆಂದು ಮಗನಿಗೆ ಗೊತ್ತು. ಕಂಪನಿಯದು ಇದರಲ್ಲಿ ಏನೂ ಇಲ್ಲ. ನೀರು ಬತ್ತಿಸಿ ಮೀನು ತೆಗೆಯಬೇಕು, ಈಗಲೇ.

ಬಿಸ್ಕತ್ತು ಕಡಿಯುತ್ತಿದ್ದವನು ಕಡಿಯುವುದನ್ನು ನಿಲ್ಲಿಸಿದ. ಆಮೇಲೆ ಜ್ಯಾನೆಟ್ ಗಂಟಲು ಸರಿಮಾಡಿಕೊಂಡು, ಪಾಪ ವಯಸ್ಸಾದವರು, ಭಾಷೆಯ ತೊಡಕೂ ಇದೆ, ಇದನ್ನು ಸಭೆಯ ನಡಾವಳಿಯಲ್ಲಿ ಬರೆಯುವುದು ಬೇಡ, ಮುಂದಿನ ವಿಷಯಕ್ಕೆ ಹೋಗೋಣ ಎಂದಳು. ಹಸಿರು ಟೀಶರ್ಟುಗಳೆಲ್ಲ ತಲೆಯಾಡಿಸಿದವು. ಅಷ್ಟೊಂದು ಒಳ್ಳೆಯ ಮುಖಗಳು ಒಟ್ಟಿಗೆ ಒಂದು ಸುಳ್ಳನ್ನು ನುಂಗಿ, ಬಾಯೊರೆಸಿಕೊಂಡು, ನೀರು ಕುಡಿದದ್ದನ್ನು ನಾನು ಅಂದು ಕಣ್ಣಾರೆ ನೋಡಿದೆ. ಡೈಪರು, ಹಲ್ಲಿನ ಸೆಟ್ಟು ಎಲ್ಲ ಇದರ ಮುಂದೆ ಪನ್ನೀರು.

ಅವ್ವ ಇನ್ನೂ ನಿಂತೇ ಇದ್ದರು, ಏನೋ ಬರಲಿದೆ ಎಂದು ಕಾಯುವವರಂತೆ. “ಎಲ್ಲಾ ಹೇಳಿದೇನೋ?”

“ಹೇಳಿದೆ, ಅವ್ವಾ.”

“ಮತ್ತ ಯಾಕ ಯಾರೂ ನನ್ನ ಬೈವಲ್ಲರು?”

ಅವ್ವ ಸುತ್ತ ಒಮ್ಮೆ ನೋಡಿ, ಶಾಲು ಸರಿಮಾಡಿಕೊಂಡು, “ನಡಿ ಹೊರಗ. ಇಲ್ಲೆ ನಾರತೈತಿ” ಎಂದರು.

ನಡಾವಳಿಯಲ್ಲಿ ಬರೆಯದಿದ್ದರೇನು, ಪೇಪರಿನವನು ಬರೆದ. ಸಂಘದವರ ಕೇಸು ಅಲ್ಲಿಗೇ ಕಮರಿತು, ಕಂಪನಿ ಅನುಮತಿ ಕೊಟ್ಟಿತು. ಕೊಟ್ಟದ್ದಷ್ಟೇ ಅಲ್ಲ, ಅಕ್ಟೋಬರಿನಲ್ಲಿ ಪಂಪು ಇಳಿಸಿದ ದಿನ ಆ ಆಸಾಮಿ ಅಂಗಡಿಯ ಚೀಟಿಯೂ ಕಿತ್ತಿರದ ಹೊಸ ಬೂಟು ತೊಟ್ಟು ಬಂದು, ನನ್ನ ಕೈಯಿಂದ ಬಲೆ ಕಸಿದು, ಫೋಟೋ ತೆಗೆಸಿಕೊಂಡು, ಮೂಗು ಮುಚ್ಚಿಕೊಂಡು ಹೋದ. ಟೀಶರ್ಟಿನವರು ಒಬ್ಬರೂ ಬರಲಿಲ್ಲ. ಡಾಕ್ಟರರ ಮನೆಯ ಮೇಲಂತಸ್ತಿನ ಪರದೆ ಒಮ್ಮೆ ಅಲುಗಿ ಮುಚ್ಚಿಕೊಂಡಿತು. ಅಪ್ಪನಿಗೆ ಅವರ ಫೋನು ಬಂದಿತ್ತು. ಅಪ್ಪ ಪೂರ್ತಿ ಕೇಳಿಸಿಕೊಂಡು ಇಟ್ಟು, ಅಂದು ಸಂಜೆ ನನ್ನ ಬೂಟುಗಳನ್ನು ತಾವೇ ತೊಳೆದಿಟ್ಟಿದ್ದರು.

ನೀರು ಇಳಿದಂತೆ ಕೆಸರು ಬಾಯಿ ತೆರೆದು, ಇಡೀ ಬೀದಿಗೆ ಗಬ್ಬು ಹರಡಿತು. ಹರಕೆಯ ಮೀನುಗಳು ಬೇಸಿಗೆಯಲ್ಲೇ ಮರಿ ಹಾಕಿದ್ದವು. ಮೊಣಕಾಲುದ್ದದ ಕಪ್ಪು ಲೊಳೆಯಲ್ಲಿ ನಾನೂ ಫಿಯೋನಾಳೂ ಅವನ್ನು ಬೊಗಸೆಬೊಗಸೆಯಾಗಿ ಆರಿಸಿ ಟಬ್ಬಿಗೆ ಹಾಕಿದೆವು; ವೆಂಬ್ಲಿಯಲ್ಲಿ ಮೀನಿನಂಗಡಿ ಇಟ್ಟವನೊಬ್ಬ ತನ್ನ ತೊಟ್ಟಿಗಳಿಗೆಂದು ಒಯ್ದ. ಅವ್ವ ಹಿಂಬಾಗಿಲಿನಿಂದ ಕೋಲೂರಿಕೊಂಡು ಬಂದು ದಂಡೆಯ ಮೇಲೆ ನಿಂತರು. ಮೂಗಿಗೆ ಸೆರಗು. ಹೋಗಿ ಅವ್ವಾ ಎಂದರೆ ಕೇಳಲಿಲ್ಲ.

ಪಂಪಿನ ಪೈಪು ಎಳೆಯಲು ದಂಡೆಯ ಒಂದು ಕೊಳೆತ ಮರದ ತುಂಡು ಅಡ್ಡ ಬಂತು. ಫಿಯೋನಾ ಮೆಲ್ಲಗೆ ಎತ್ತಿದಳು. ಅಡಿಯಲ್ಲಿ ದೊಡ್ಡದೊಂದು ನ್ಯೂಟು, ಬಾಲ ಮೈಗೆ ಸುತ್ತಿಕೊಂಡು, ಮಣ್ಣು ಮೆತ್ತಿಕೊಂಡು, ಚಳಿಗಾಲದ ನಿದ್ದೆಗೆ ಸಜ್ಜಾಗಿ ಮಲಗಿತ್ತು. ಜುಟ್ಟು ಉದುರಿ ಹೋಗಿತ್ತು. ಅವ್ವ ಕೋಲಿನ ಮೇಲೆ ಭಾರ ಬಿಟ್ಟು ಬಗ್ಗಿ ನೋಡಿದರು.

“ಇಸ್ಸೀ! ಎಂಥಾ ಹೊಲಸ ಐತೋ ಇದು! ಮೈತುಂಬ ಕಜ್ಜಿ!”

ಏನಂದರು ಎಂದು ಫಿಯೋನಾ ನನ್ನತ್ತ ತಿರುಗಿದಳು. ನಾನು ಬಾಯಿ ತೆರೆಯುವಷ್ಟರಲ್ಲಿ ಅವ್ವನ ಕೋಲು ಮರದ ತುಂಡನ್ನು ತಟ್ಟಿತು.

“ನೋಡಕೋತ ಏನ ನಿಂತೀಯೋ? ಮುಚ್ಚು, ಮುಚ್ಚು, ಲಗೂನ. ಹೊರಗ ಥಂಡಿ ಐತಿ.”